ತಾನಾಗಿ ಮುಂದುವರಿದ ಮದುವೆ ಕಾರ್ಡು

ಗೆಳೆಯರೇ, ಇವತ್ತು ನರಸೀಪುರದ ನನ್ನ ಪ್ರೆಸ್ಸಿನಲ್ಲಿ ಕಂಪ್ಯೂಟರೇ ನನ್ನನ್ನು ಸಿಕ್ಕಿಹಾಕಿಸಿತು. ಯಾವ ಕೆಲಸ ಎಲ್ಲಿಗೆ ಬಂತು ಎಂದು ಬರೆದಿಡಲು, ಕಮಾಂಡ್ ಟೈಪ್ ಮಾಡಿ ನಡೆಸುವ ಕಪ್ಪು ಪರದೆಯ ಪ್ರೋಗ್ರಾಂ ಒಂದನ್ನು ಇಟ್ಟುಕೊಂಡಿದ್ದೇನೆ. ಬರೆಯಲು ಸೋಮಾರಿತನವಾಗಿ, ಫೈಲ್ ಸೇವ್ ಆದಾಗಲೆಲ್ಲ ‘ಕೆಲಸ ಮುಂದುವರಿದಿದೆ’ ಎಂದು ಅದೇ ಬರೆದುಕೊಳ್ಳುವಂತೆ ನಿನ್ನೆ ಮಾಡಿದ್ದೆ.

ಸಂಜೆ ಹೆಮ್ಮಿಗೆಯ ಬಸವರಾಜಪ್ಪ ಮಗಳ ಮದುವೆ ಕಾರ್ಡಿಗೆ ಬಂದರು. ಮೊದಲ ಕಾರ್ಡನ್ನು ಇವತ್ತೇ ಮನೆದೇವರ ಮುಂದಿಡಬೇಕು. ಪರದೆಯ ತುಂಬ ‘ಮುಂದುವರಿದಿದೆ’ ಎಂದಿರುವುದನ್ನು ನೋಡಿ ಖುಷಿಯಾದರು.

“ಇಷ್ಟೊಂದು ಮುಂದುವರ್ದದೆ ಅಂದ್ಮೇಲೆ ಕಾರ್ಡು ಇಷ್ಟೊತ್ಗೆ ಮೈಸೂರ್ ದಾಟಿರ್ಬೇಕಲ್ಲ ಸಾ?”

“ಒಂದೂ ಅಚ್ಚಾಗಿಲ್ಲ ಯಜಮಾನ್ರೇ. ಆಗಮನ ಬಯಸುವವರ ಪಟ್ಟೀಲಿ ನಿಮ್ಮ ದೊಡ್ಡ ಬಾಮೈದ ಬಂದು ತಮ್ಮ ಹೆಸ್ರು ಮೇಲೆ ಹಾಕ್ಸಿದ್ರು. ಚಿಕ್ಕವ್ರು ಬಂದು ಅದನ್ನ ಕೆಳಗಿಳಿಸಿದ್ರು. ಬೆಳಗ್ಗಿಂದ ಇದೇ ನಡೀತಿದೆ.”

ಯಂತ್ರದ ಲೆಕ್ಕದಲ್ಲಿ ಹತ್ತಿಸಿದ್ದೂ ಪ್ರಗತಿ, ಇಳಿಸಿದ್ದೂ ಪ್ರಗತಿ.

ಬಸವರಾಜಪ್ಪ ತಲೆ ಕೆರೆದುಕೊಂಡರು. “ದೇವ್ರ ಕಾರ್ಡಲ್ಲಿ ಇಬ್ರ ಎಸ್ರೂ ಬ್ಯಾಡ, ತೆಗ್ದಾಕ್ಬುಡಿ ಸಾ. ಅವ್ರು ಎಂತೋರು ಅಂತ ದೇವ್ರಿಗೆ ಗೊತ್ತು.”

ಅದೊಂದನ್ನು ಅಚ್ಚು ಹಾಕಿ ಕೊಟ್ಟೆ. ನಗುತ್ತಾ ಬಸ್ ಹತ್ತಿದರು. ಉಳಿದ ಕಾರ್ಡುಗಳಿಗೆ ಬಾಮೈದರಿಬ್ಬರೂ ನಾಳೆ ಒಟ್ಟಿಗೇ ಬರುತ್ತಾರಂತೆ. ನಾನಂತೂ ಆ ತಾನಾಗಿ ಬರೆಯುವ ಏರ್ಪಾಡನ್ನು ಈಗಲೇ ನಿಲ್ಲಿಸಿದ್ದೇನೆ. ಗಿರಾಕಿಗೆ ಸುಳ್ಳು ಹೇಳುವುದಿದ್ದರೆ ನಾವೇ ಹೇಳಬೇಕು. ಯಂತ್ರಕ್ಕೆ ಅದರ ಹದ ಗೊತ್ತಿಲ್ಲ.