ಫರಸಿಯ ಕೆಳಗಿನ ಎರೆಮಣ್ಣು

ಗೌಂಡಿ ಕಾಕಾ ಗೋಡೆಯನ್ನು ನೆಕ್ಕಿ ನೋಡುತ್ತಿದ್ದರು. ಮೊದಲು ಬಲಗೈಯ ಹಿಂಬದಿಯನ್ನು ಗೋಡೆಗೆ ಒತ್ತುವರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಆಮೇಲೆ ತೋರುಬೆರಳಿನಿಂದ ಒಂದಿಷ್ಟು ಕೆರೆದು ನಾಲಿಗೆಗೆ ಇಟ್ಟುಕೊಂಡು, ಕಣ್ಣು ಕಿರಿದು ಮಾಡಿ, ಪಕ್ಕಕ್ಕೆ ಉಗುಳುವರು. ಸುಣ್ಣ, ಸಿಮೆಂಟು ತಿಂದು ಅವರ ಬೆರಳ ತುದಿಗಳು ನುಣ್ಣಗಾಗಿದ್ದವು. ಒಂದು ಗೆರೆಯೂ ಉಳಿದಿರಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ನನಗೆ ಉಗಾರ ಬುದ್ರುಕದ ಹತ್ತಿರದ ಒಂದು ಹೊಳೆದಂಡೆಯ ಊರಿನ ಶಾಲೆಗೆ ವರ್ಗವಾಯಿತು. ಶಾಲೆಯ ಹಿಂದೆ ಶಿಕ್ಷಕರಿಗೆಂದು ಸಾಲಾಗಿ ನಾಲ್ಕು ಸರಕಾರಿ ಮನೆಗಳು. ಕೊನೆಯ ಮನೆಯಲ್ಲಿ ನಾನು ಮತ್ತು ನನ್ನ ನಾಲ್ಕು ವರ್ಷದ ಮಗಳು. ಯಜಮಾನರು ಚಿಕ್ಕೋಡಿಯಲ್ಲಿ ನೌಕರಿಯಲ್ಲಿದ್ದರು, ಶನಿವಾರ ಸಂಜೆ ಬರುತ್ತಿದ್ದರು. ಗೋಡೆಗೆ ಸಿಮೆಂಟಿನ ಗಿಲಾವು, ನೆಲಕ್ಕೆ ಕಲ್ಲುಚಪ್ಪಡಿಯ ಫರಸಿ. ಮಣ್ಣಿನ ಮನೆಯಲ್ಲಿ ಬೆಳೆದ ನನಗೆ ಅದು ಅರಮನೆಯೇ ಆಗಿತ್ತು.

ಮೊದಲ ಮಳೆಗಾಲದಲ್ಲಿ ಅರಮನೆಯ ಬಣ್ಣ ಬಯಲಾಯಿತು. ಮಂಚದ ಹಿಂದಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಹಸಿರು-ಕಪ್ಪು ಚುಕ್ಕೆಗಳು ಎದ್ದವು, ಮರುವರ್ಷ ಸೊಂಟದವರೆಗೆ ಬಂದವು. ಟ್ರಂಕು ತೆಗೆದರೆ ಸೀರೆಗಳಿಗೆ ಮುಗ್ಗಲು ನಾತ. ವಾರ ಹಾಕದೆ ಬಿಟ್ಟ ಚಪ್ಪಲಿಗೆ ಬಿಳಿ ಬೂಷ್ಟು. ನಾನು ಪಂಚಮಿಗೊಮ್ಮೆ, ದಸರೆಗೊಮ್ಮೆ ಸುಣ್ಣ ಹಚ್ಚುತ್ತಿದ್ದೆ. ಬೂಷ್ಟು ತಿಂಗಳೊಳಗೆ ಸುಣ್ಣವನ್ನು ನೂಕಿಕೊಂಡು ಮತ್ತೆ ಹೊರಗೆ ಬರುತ್ತಿತ್ತು.

ಅದೇ ಹೊತ್ತಿಗೆ ಮಗಳಿಗೆ ಕೆಮ್ಮು ಹತ್ತಿತು. ಮಲಗಿದರೆ ಎದೆಯೊಳಗೆ ಸಿಳ್ಳೆ. ಎಲ್ಲ ತಾಯಂದಿರು ಮಾಡುವುದನ್ನೇ ನಾನೂ ಮಾಡಿದೆ. ಥಂಡಿ ಗಾಳಿ ಬೀಳಬಾರದೆಂದು ಕಿಟಕಿ ಮುಚ್ಚಿ, ಸಂದುಗಳಿಗೆ ಹಳೆಯ ಸೀರೆ ಹರಿದು ತುರುಕಿದೆ. ರಜೆಯಲ್ಲಿ ತೆಲಸಂಗದ ತವರಿಗೆ ಹೋದರೆ ವಾರದೊಳಗೆ ಕೆಮ್ಮು ಮಾಯ. ಅದು ತನ್ನ ಕಷಾಯದ ಗುಣ ಎಂದು ನನ್ನವ್ವ ಊರೆಲ್ಲ ಹೇಳಿಕೊಂಡಳು. ಅದೇ ಕಷಾಯವನ್ನು ಹೊಳೆದಂಡೆಗೆ ತಂದು ಕುಡಿಸಿದೆ, ಹತ್ತಲಿಲ್ಲ. ನೀರಿನ ಗುಣವೇ ಬೇರೆ ಇರಬೇಕು ಅಂದುಕೊಂಡೆ. ಓದಿದವಳ ಬುದ್ಧಿ ಅಷ್ಟಕ್ಕೇ ನಿಂತಿತ್ತು.

ಕಾಕಾ ಐಗಳಿ ಎಂಬ ಊರಿನವರು, ಗೋಡೆ ಕಟ್ಟುವ ಗೌಂಡಿ ಕೆಲಸದವರು. ಬಿಳಿ ಟೋಪಿ, ಮೊಣಕಾಲ ಮೇಲಿನ ಧೋತರ, ಸೊಂಟದಲ್ಲಿ ಎಲೆ-ಅಡಿಕೆಯ ಚಂಚಿ. ಆ ಭಾಗದ ಸರಕಾರಿ ಕಟ್ಟಡಗಳಿಗೆ ಕೆಲಸ ಮಾಡುತ್ತ ಹೊಳೆದಂಡೆಯಲ್ಲೇ ಕೋಣೆ ಹಿಡಿದಿದ್ದರು. ಕೆಲಸದಾಳುಗಳಿಗೆ ಬೈಯುತ್ತಿರಲಿಲ್ಲ, ಗೋಡೆಗೆ ಬೈಯುತ್ತಿದ್ದರು, ಅದೂ ಮರಾಠಿಯಲ್ಲಿ. “ಗೌಂಡಿ ಬೆವರಬೇಕು, ಗೋಡಿ ಬೆವರಬಾರದು” ಎಂಬುದು ಅವರ ಮಾತು. ಶಾಲೆಯ ಮೆಟ್ಟಿಲು ರಿಪೇರಿಗೆ ಬಂದಾಗ ನನ್ನ ಬಾಗಿಲಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಒಳಗೆ ಮಗಳು ಕೆಮ್ಮಿದಳು.

“ಅಕ್ಕೋರ, ಕೂಸು ಯಾವಾಗಿಂದ ಹಿಂಗ ಕೆಮ್ಮಾಕತ್ತೈತ್ರಿ?”

“ಮಳಿ ಹಿಡದಾಗಿಂದ್ರಿ ಕಾಕಾ. ಗಾಳಿಗಿ ಥಂಡಿ ಆಗೈತಿ.”

“ತವರಮನ್ಯಾಗ?”

“ಅಲ್ಲಿ ಕೆಮ್ಮಂಗಿಲ್ಲರಿ.”

“ಯಾಕ, ತೆಲಸಂಗದಾಗ ಗಾಳಿ ಬೀಸಂಗಿಲ್ಲೇನು?”

ಅವರು ಲೋಟ ಕೆಳಗಿಟ್ಟು ಒಳಗೆ ಬಂದರು. ಕಿಟಕಿಯ ಚಿಂದಿಗಳನ್ನೆಲ್ಲ ಕಿತ್ತು ಬಿಸಾಡಿದರು. ಮಂಚ ಸರಿಸಿ ಗೋಡೆ ಮುಟ್ಟಿದರು, ಕೆರೆದರು, ನೆಕ್ಕಿದರು.

“ತೇವ ಕೆಳಗಿಂದ ಏರಾಕತ್ತೈತಿ. ಈ ಬೂಷ್ಟಿನ ಬುರಸಿ ವಾಸನಿ ನಿಮಗ ರೂಢಿ ಆಗೈತ್ರಿ. ಕೂಸಿನ ಎದಿಗಿ ಆಗಿಲ್ಲ.” ಸ್ವಲ್ಪ ತಡೆದು, “ಒಂದ ಫರಸಿ ಎತ್ತಲೇನ್ರಿ?” ಎಂದರು.

“ಸರಕಾರದ ಮನಿ ಕಾಕಾ.”

“ಕಟ್ಟಿದಾಂವ ನಾನ ಅದೀನ್ರಿ.”

ಫರಸಿ ಎದ್ದಿತು. ಕೆಳಗಿನಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿದರು. ಮುಷ್ಟಿ ಬಿಚ್ಚಿದಾಗ ಅದು ಕಪ್ಪಗೆ ಉಂಡೆಯಾಗಿ ಕುಳಿತಿತ್ತು. ಕಾಕಾ ಅಲ್ಲೇ ಕುಳಿತು ಹಳೆಯ ಸಂಗತಿ ಹೇಳಿದರು.

ಮನೆಯ ಅಡಿಪಾಯದೊಳಗೆ ತುಂಬಬೇಕಾದದ್ದು ಗರಸು, ಕಲ್ಲುಹರಳಿನ ಒರಟು ಮಣ್ಣು. ಅದು ನೀರು ಹಿಡಿದಿಡುವುದಿಲ್ಲ. ಆ ಮನೆಗಳನ್ನು ಕಟ್ಟುವ ವರ್ಷ ಮಳೆಗೆ ಗರಸಿನ ಹಾದಿ ಕೆಸರಾಗಿ ಟ್ರ್ಯಾಕ್ಟರ್ ಹೂತುಕೊಂಡಿತಂತೆ. ಗುತ್ತಿಗೆದಾರನಿಗೆ ಅವಸರ. ಮಗ್ಗುಲಲ್ಲೇ ಕಬ್ಬಿನ ಹೊಲ. ಅಲ್ಲಿನ ಕಪ್ಪು ಎರೆಮಣ್ಣು ತೋಡಿ ತುಂಬಿ, ಮೇಲೆ ಫರಸಿ ಹಾಸಿಬಿಟ್ಟರು. ಎರೆಮಣ್ಣು ಒಮ್ಮೆ ಕುಡಿದ ನೀರನ್ನು ಸುಲಭಕ್ಕೆ ಬಿಡುವುದಲ್ಲ. ಆ ತೇವ ಗೋಡೆಗೆ ಏರಿತು.

“ನಮ್ಮ ಐಗಳಿಯೊಳಗ ಕಾಲಿಟ್ಟಲ್ಲಿ ಗರಸು. ಅದರ ಮ್ಯಾಲ ಹುಟ್ಟಿದಾಂವ ನಾನು,” ಎಂದರು. “ನನಗ ಗೊತ್ತಿತ್ರಿ ಅಕ್ಕೋರ. ಗೊತ್ತಿದ್ದೂ ತುಂಬಿಸೇನಿ.”

ನಾನು ಅರ್ಜಿ ಬರೆದೆ. ಬೇರೆ ಮನೆ ಸಿಗಬೇಕಾದರೆ ಈ ಮನೆ ವಾಸಕ್ಕೆ ಯೋಗ್ಯವಲ್ಲ ಎಂದು ಯಾರಾದರೂ ಬರೆದುಕೊಡಬೇಕಿತ್ತು. ಆರೋಗ್ಯ ಕೇಂದ್ರದ ಡಾಕ್ಟರು ಒಳ್ಳೆಯವರು. “ನೀವು ಹೇಳೂದು ಖರೇ ಐತಿ. ಆದರ ನಾನು ಕೆಮ್ಮಿಗೆ ಬರದು ಕೊಡಬಹುದು, ಗೋಡಿಗೆ ಹೆಂಗ ಬರೀಲಿ? ಅದು ಎಂಜಿನಿಯರ್ ಸಾಹೇಬರ ಕೆಲಸ” ಎಂದರು. ಎಂಜಿನಿಯರರ ಕಚೇರಿಯಿಂದ ಉತ್ತರ ಬಂತು: ಗೋಡೆ ಬಿರುಕು ಬಿಟ್ಟಿಲ್ಲ, ಕಟ್ಟಡ ಸುಭದ್ರವಾಗಿದೆ, ಮಗುವಿನ ಅನಾರೋಗ್ಯ ಈ ಇಲಾಖೆಗೆ ಸಂಬಂಧಿಸಿದ್ದಲ್ಲ. ಗೋಡೆ ಒಂದು ಇಲಾಖೆಗೆ, ಎದೆ ಇನ್ನೊಂದಕ್ಕೆ. ಬೂಷ್ಟು ಯಾವ ಇಲಾಖೆಗೂ ಸೇರದೆ ನಮ್ಮ ಮನೆಯಲ್ಲಿ ಸುಖವಾಗಿತ್ತು.

ಮತ್ತೆ ಮತ್ತೆ ಬರೆದ ಮೇಲೆ ಎಂಜಿನಿಯರರು ಸ್ವತಃ ನೋಡಲು ಬರುವುದಾಯಿತು. ಸಾಹೇಬರು ಬರುತ್ತಾರೆಂದರೆ ನಮ್ಮ ಹೆಡ್‌ಮಾಸ್ತರರಿಗೆ ತಿಳಿದದ್ದು ಒಂದೇ ವಿದ್ಯೆ, ಸುಣ್ಣ ಹೊಡೆಸುವುದು. ನಾನು ಪಾಠದಲ್ಲಿದ್ದಾಗ ನನ್ನ ಮನೆಗೂ ಹೊಡೆಸಿಬಿಟ್ಟರು. ಅದಕ್ಕೆ ಮೊದಲು ಕಾಕಾನಿಗೇ ಹೇಳಿ ಕಳಿಸಿದ್ದರಂತೆ, ಅವರು ಬರಲಿಲ್ಲ. ಮರುದಿನ ಸಾಹೇಬರು ಬಂದಾಗ, ಯಾರೂ ಕರೆಯದೆಯೇ, ಹೆಗಲ ಮೇಲೆ ಹಾರೆ ಇಟ್ಟುಕೊಂಡು ಬಂದರು.

ಹಾಲಿನಂಥ ಗೋಡೆಯ ಮುಂದೆ ನಿಂತು ಸಾಹೇಬರು “ಎಲ್ಲಮ್ಮ ಬೂಷ್ಟು?” ಎಂದರು. ನನಗೆ ಅಳು ಬಂತು. ಕಾಕಾ ಹಾರೆಯಿಂದ ಫರಸಿ ಎತ್ತಿದರು. ಮಣ್ಣು ಅದುಮಿ, ಆ ಕರಿ ಉಂಡೆಯನ್ನು ಸಾಹೇಬರ ಮುಂದಿನ ಸ್ಟೂಲಿನ ಮೇಲೆ ಇಟ್ಟರು.

“ಗರಸಿನ ಜಾಗಾದಾಗ ಇದನ್ನ ತುಂಬೇತ್ರಿ ಸಾಹೇಬರ. ನಾಕೂ ಮನಿಗೂ ಇದ. ತುಂಬಿಸಿದಾಂವ ನಾನು. ಬರಕೊಳ್ರಿ.”

“ಬರೆದುಕೊಂಡರೆ ನಿನಗೆ ಸರಕಾರಿ ಕೆಲಸ ಮತ್ತೆ ಸಿಗೋದಿಲ್ಲ, ಗೊತ್ತೇನಪ್ಪ?”

“ಕೂಸು ಕೆಮ್ಮಾಕತ್ತೈತ್ರಿ,” ಎಂದರು ಕಾಕಾ.

ಹೇಳಿಕೆ ಬರೆದದ್ದಾಯಿತು. ಕಾಕಾನಿಗೆ ಅಕ್ಷರ ಬಾರದು, ಹೆಬ್ಬೆಟ್ಟು ಒತ್ತಿದರು. ಬರಿಯ ಮಸಿಯ ಮಚ್ಚೆ ಮೂಡಿತು. ಎರಡನೆಯ ಸಲವೂ ಅಷ್ಟೇ. ಸುಣ್ಣ ತಿಂದ ಬೆರಳಿನಲ್ಲಿ ಗುರುತೇ ಇರಲಿಲ್ಲ. ಇದು ಇವರದೇ ಹೆಬ್ಬೆಟ್ಟೆಂದು ಒಬ್ಬರು ಸಾಕ್ಷಿ ಹಾಕಬೇಕೆಂದು ಸಾಹೇಬರು ಅಂದರು. ಹೆಡ್‌ಮಾಸ್ತರರು ಕಿಟಕಿಯ ಹೊರಗೆ ನೋಡಿದರು. ನಾನು ಪೆನ್ನು ತೆಗೆದುಕೊಂಡು ಸಹಿ ಮಾಡಿದೆ. ‘ಕಾಕಾ, ವಿಚಾರ ಮಾಡ್ರಿ’ ಎಂಬ ಒಂದು ಮಾತು ಆಡಬಹುದಿತ್ತು. ಅವರು ಎಲ್ಲಿ ಮನಸ್ಸು ಬದಲಿಸುತ್ತಾರೋ ಎಂಬ ಹೆದರಿಕೆಗೆ ಆಡಲಿಲ್ಲ. ಅಷ್ಟು ಬೇಗ ನಾನು ಬೇರೆಲ್ಲೂ ಸಹಿ ಮಾಡಿಲ್ಲ.

ಆ ಕಾಗದದ ನಕಲು ನೋಡಿದ ಮೇಲೆ ಡಾಕ್ಟರಿಗೂ ಧೈರ್ಯ ಬಂತು. ಕೆಲವು ತಿಂಗಳಿಗೆ ಆದೇಶ ಬಂದಿತು: ನೆಲದ ತೇವ ಹಾಗೂ ಗೋಡೆಯ ಬೂಷ್ಟಿನಿಂದ ನಿವಾಸಿಗಳ ಉಸಿರಾಟಕ್ಕೆ ಹಾನಿಯಾಗುತ್ತಿರುವುದರಿಂದ ಈ ನಾಲ್ಕು ಮನೆಗಳು ವಾಸಕ್ಕೆ ಯೋಗ್ಯವಲ್ಲ. ಬೂಷ್ಟು ಎಂಬ ಶಬ್ದ ಸರಕಾರಿ ಕಾಗದದ ಮೇಲೆ ಟೈಪಾಗಿ ಬಂದದ್ದನ್ನು ನಾನು ಅಂದು ಮೊದಲ ಸಲ ನೋಡಿದೆ. ನಮಗೆ ಊರೊಳಗೆ ಬೇರೆ ಮನೆ ಸಿಕ್ಕಿತು. ಮುಂದಿನ ಮಳೆಗಾಲ ಮಗಳು ಕೆಮ್ಮದೆ ಕಳೆದಳು.

ಗುತ್ತಿಗೆದಾರನಿಗೆ ಏನೂ ಆಗಲಿಲ್ಲ. ಕಾಕಾನಿಗೆ ಕೆಲಸ ನಿಂತಿತು. ಅವರು ಐಗಳಿಗೆ ಹೋಗಿ ದನದ ಕೊಟ್ಟಿಗೆ, ನೀರಿನ ತೊಟ್ಟಿ ಕಟ್ಟುತ್ತ ಇದ್ದರೆಂದು ಕೇಳಿದ್ದೆ. ಹೋಗಿ ಮಾತಾಡಿಸಬೇಕೆಂದು ಪ್ರತಿ ರಜೆಯಲ್ಲೂ ಅಂದುಕೊಂಡೆ. ಐಗಳಿ ನನ್ನ ತವರಿನಿಂದ ದೂರವೇನೂ ಅಲ್ಲ. ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ತೊಂಬತ್ತರ ದಶಕದ ಕೊನೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಹೋದೆ, ಮಗಳನ್ನು ಕರೆದುಕೊಂಡು. ಅವಳಾಗ ಕಾಲೇಜು ಹುಡುಗಿ. ಕಾಕಾನ ಹೆಂಡತಿ ನನ್ನನ್ನು ಎಂದೂ ನೋಡಿದವರಲ್ಲ. ಹೊಳೆದಂಡೆಯ ಶಾಲೆಯ ಅಕ್ಕೋರು ಎಂದೆ. ಆಕೆ ನನ್ನನ್ನು ಬಿಟ್ಟು ಮಗಳನ್ನೇ ನೋಡಿದರು. ಹತ್ತಿರ ಕರೆದು ಕೂಡಿಸಿಕೊಂಡು, ಅವಳ ಎದೆಯ ಮೇಲೆ ಕೈಯಿಟ್ಟರು.

“ಯವ್ವಾ, ಕೆಮ್ಮು ಹೋತೇನ? ಮಳಿ ಬಂತಂದ್ರ ಸಾಕು, ‘ಆ ಕೂಸಿಂದು ಏನಾತೋ’ ಅಂತಿದ್ರು ನೋಡು.”

“ಹೋಗೇತ್ರಿ ಆಯಿ. ಯಾವಾಗೋ ಹೋಗೇತಿ,” ಎಂದಳು ಮಗಳು.

ಅದೊಂದು ಮಾತನ್ನು, ಕಾಕಾ ಬದುಕಿದ್ದಾಗಲೇ, ಅವರಿಗೆ ಒಂದು ಕಾರ್ಡಿನಲ್ಲಿ ಬರೆದು ಹಾಕಬಹುದಿತ್ತು. ಓದಿ ಹೇಳುವವರು ಐಗಳಿಯಲ್ಲೂ ಇದ್ದರು.