ಎದ್ದುಹೋಗಲು ನೆಪವಿಲ್ಲದ ಊಟ

ಬ್ರಂಚಿಗೆ ಹೊಟ್ಟೆಯನ್ನು ಹೇಗೆ ಸಿದ್ಧಪಡಿಸಿಕೊಳ್ಳಬೇಕೆಂಬುದು ಆಕ್ಲೆಂಡಿಗೆ ಬಂದು ಆರು ವರ್ಷವಾದರೂ ನನಗೆ ತಿಳಿದಿಲ್ಲ. ಹನ್ನೊಂದು ಗಂಟೆಯ ಮೊಟ್ಟೆಗಾಗಿ ಬೆಳಗಿನಿಂದ ಉಪವಾಸವಿರಬೇಕೋ, ಅಥವಾ ಮನೆಯಲ್ಲೇ ಎರಡು ದೋಸೆ ತಿಂದು ಕೆಫೆಯಲ್ಲಿ ಹಸಿವೆಯನ್ನು ಅಭಿನಯಿಸಬೇಕೋ? ನಾನು ಎರಡನೆಯ ಪಂಥದವಳು. ಅಭಿನಯ ಮಾತ್ರ ಇನ್ನೂ ಪಳಗಿಲ್ಲ.

ಕಳೆದ ವರ್ಷ ರಜೆಗೆ ಬೆಂಗಳೂರಿಗೆ ಹೋದಾಗ ಚಿಕ್ಕಪ್ಪನ ಮಗಳು ಅಲ್ಲಿಯೂ ನಮ್ಮೆಲ್ಲರನ್ನು ಒಂದು ಬ್ರಂಚಿಗೆ ಕರೆದೊಯ್ದಳು. ಅದೇ ಬೆಣ್ಣೆಹಣ್ಣು ಸವರಿದ ಬ್ರೆಡ್ಡು, ಅದೇ ಅರೆಬೆಂದ ಮೊಟ್ಟೆ. ನಾನು ಹನ್ನೊಂದು ಸಾವಿರ ಕಿಲೋಮೀಟರು ಹಾರಿ ಬಂದದ್ದು ಆ ತಟ್ಟೆಗೆ ತಿಳಿದಂತಿರಲಿಲ್ಲ. ಅಪ್ಪ ಹದಿನೈದು ನಿಮಿಷದಲ್ಲಿ ತಿಂದು ಮುಗಿಸಿ, ಕೈ ತೊಳೆದು, "ಸರಿ, ಹೊರಡೋಣ್ವಾ?" ಎಂದು ಬಾಗಿಲ ಬಳಿ ನಿಂತರು. ನಾವಿನ್ನೂ ಫೋಟೊ ತೆಗೆಯುತ್ತಿದ್ದೆವು. ಬ್ರಂಚಿನ ಮರ್ಮ ನನಗೆ ಹೊಳೆದದ್ದು ಆಗ. ತಿಂಡಿಗೆ ಆಫೀಸಿನ ನೆಪವುಂಟು, ಮಧ್ಯಾಹ್ನದ ಊಟಕ್ಕೆ ನಿದ್ದೆಯ ನೆಪ. ಈ ನಡುವಿನ ಊಟದಿಂದ ಎದ್ದುಹೋಗಲು ಯಾವ ನೆಪವೂ ಇಲ್ಲ. ಇದು ಹೊಟ್ಟೆಗಾಗಿ ಅಲ್ಲ, ಮಾತಿಗಾಗಿ ಹುಟ್ಟಿದ ಊಟ.

ನನ್ನಂಥ ಮಿತಭಾಷಿಗೆ ಇದು ಸಂತೋಷದ ಸಂಶೋಧನೆಯಲ್ಲ. ಅದರಲ್ಲೂ ಮೊನ್ನೆ ಭಾನುವಾರ, ಇಲ್ಲಿ ಆಕ್ಲೆಂಡಿನ ಸ್ಯಾಂಡ್ರಿಂಗಮ್ಮಿನ ಕೆಫೆಯಲ್ಲಿ ನಸೀಮಾಳಿಗೆ ಕಾಯುತ್ತಿದ್ದಾಗ.

ನಸೀಮಾ ಹುಬ್ಬಳ್ಳಿಯವಳು, ಆಸ್ಪತ್ರೆಯಲ್ಲಿ ನರ್ಸ್. ನಾಲ್ಕು ವರ್ಷ ನಾವು ಮೌಂಟ್ ರಾಸ್ಕಿಲ್‌ನ ಒಂದೇ ಮನೆಯಲ್ಲಿ ಬಾಡಿಗೆಗಿದ್ದೆವು. ಇಬ್ಬರೂ ಈ ದೇಶದಲ್ಲೇ ಕಾಯಮ್ಮಾಗಿ ನೆಲೆಸುವ ರೆಸಿಡೆನ್ಸಿಗೆ ಅರ್ಜಿ ಹಾಕಿದ್ದೆವು. ನನ್ನದು ಮೊದಲು ಬಂತು. ಅವಳದಿನ್ನೂ ಬಂದಿರಲಿಲ್ಲವೆಂದು ನಾನು ಮೂರು ವಾರ ಅವಳೆದುರು ಬಾಯಿ ಬಿಡಲಿಲ್ಲ. ಕೊನೆಗೆ ದಿನಸಿ ಅಂಗಡಿಯಲ್ಲಿ ಯಾರೋ ಆಂಟಿ ನನ್ನನ್ನು ಅಭಿನಂದಿಸಿದಾಗ, ಪಕ್ಕದಲ್ಲಿ ಬೇಳೆಯ ಚೀಲ ಹಿಡಿದು ನಿಂತಿದ್ದವಳು ನಸೀಮಾ. ಮುಂದಿನ ತಿಂಗಳು ಅವಳು ಊರಿನ ಇನ್ನೊಂದು ತುದಿಯ ಫ್ಲ್ಯಾಟ್ ಬುಷ್‌ಗೆ ಮನೆ ಬದಲಿಸಿದಳು. ಅವಳಿಗೂ ರೆಸಿಡೆನ್ಸಿ ಸಿಕ್ಕಿತೆಂದು ನನಗೆ ತಿಳಿದದ್ದು ಬೇರೆಯವರಿಂದ. ಎಂಟು ತಿಂಗಳ ಮೌನದ ಮೇಲೆ, ಬ್ರಂಚಿಗೆ ಬಾ ಎಂದು ಕರೆದವಳು ನಾನೇ.

ಬಂದಳು. ಹವೆ, ಕಾರು ನಿಲ್ಲಿಸಲು ಸಿಗದ ಜಾಗ, ಫ್ಲ್ಯಾಟ್ ಬುಷ್‌ನ ಗಾಳಿ, ಎಲ್ಲವನ್ನೂ ಕುರಿತು ಸಭ್ಯವಾಗಿ ಮಾತಾಡಿದೆವು. ತಟ್ಟೆಗಳು ಬಂದವು. ಮೊಟ್ಟೆಯ ಹಳದಿಯನ್ನು ಒಡೆಯುತ್ತ ಅವಳು ತಲೆಯೆತ್ತದೆ ಕೇಳಿದಳು: "ನನ್ನ ದೃಷ್ಟಿ ತಾಗ್ತದಂತ ಆ ಸುದ್ದಿ ಮುಚ್ಚಿಟ್ಟಿದ್ದಿ ಏನು?"

ನಾನು ಬೆಚ್ಚಿದೆ. ದಯೆಯೆಂದು ನಾನು ಜೋಪಾನ ಮಾಡಿದ್ದು ಆ ಕಡೆಯಿಂದ ಹಾಗೆ ಕಾಣಬಹುದೆಂದು ಎಂಟು ತಿಂಗಳಲ್ಲಿ ಒಮ್ಮೆಯೂ ತೋಚಿರಲಿಲ್ಲ.

"ಅಯ್ಯೋ, ಇಲ್ಲ ಕಣೇ! ನಿಂದಿನ್ನೂ ಬಂದಿರಲಿಲ್ಲವಲ್ಲ, ನಿನಗೆ ಬೇಜಾರಾಗುತ್ತೆ ಅಂತ..."

"ಬ್ಯಾಸರ ಆಗೂದು ಬಿಡೂದು ನಂದು. ಅದನ್ನ ನೀ ಯಾಕ ತೀರ್ಮಾನ ಮಾಡಿದಿ? ಹೇಳಿದ್ದರ ಒಂದ್ ತಾಸು ಅತ್ತು, ಆಮ್ಯಾಲೆ ನಿನಗ ಶಿರಾ ಮಾಡಿ ತಿನ್ನಸ್ತಿದ್ದೆ."

ಅತ್ತಿತ್ತ ನೋಡಿದೆ. ಆಗಲೇ ಹನ್ನೆರಡೂವರೆ, ಪಕ್ಕದ ಮೇಜಿಗೆ ಊಟಕ್ಕೆಂದೇ ಜನ ಬರತೊಡಗಿದ್ದರು. ಗುಟ್ಟು ಕಾಯುವುದನ್ನು ನಾನು ಇಷ್ಟು ವರ್ಷ ಸಜ್ಜನಿಕೆಯೆಂದೇ ತಿಳಿದಿದ್ದೆ. ಅದು ಎದುರಿನವರ ಪಾಲಿನ ಅಳುವನ್ನೂ ಶಿರಾವನ್ನೂ ಒಟ್ಟಿಗೇ ಕಸಿದುಕೊಳ್ಳುವ ಕೆಲಸವೂ ಆಗಿತ್ತೇ? ಕ್ಷಮಿಸು ಎನ್ನಬಹುದಿತ್ತು. ಆದರೆ ಅದನ್ನು ಬಸ್ಸಿನಲ್ಲಿ ಕಾಲು ತುಳಿದವರಿಗೂ ಹೇಳುತ್ತೇವೆ. ಅವಳಿಗೆ ಕೊಡಬೇಕಾದದ್ದು ಒಂದು ಸುದ್ದಿ. ಬೇರೆ ಯಾರಿಗೂ ಇನ್ನೂ ಕೊಡದ ಸುದ್ದಿ. ನನ್ನಲ್ಲಿದ್ದದ್ದು ಒಂದೇ, ಅದೂ ಹೆಮ್ಮೆ ಪಡುವಂಥದ್ದಲ್ಲ.

"ಗುರುವಾರ ಡ್ರೈವಿಂಗ್ ಟೆಸ್ಟಲ್ಲಿ ಫೇಲಾದೆ ಕಣೇ. ಮೂರನೇ ಸಲ. ವೃತ್ತದ ಹತ್ರ ಎಲ್ಲರಿಗೂ ದಾರಿ ಬಿಡ್ತಾ ನಿಂತುಬಿಟ್ಟೆ. ಅಮ್ಮನಿಗೂ ಹೇಳಿಲ್ಲ."

ನಸೀಮಾ ಫೋರ್ಕು ಕೆಳಗಿಟ್ಟಳು. ನಗು ತಡೆಯಲು ತುಟಿ ಕಚ್ಚಿದ್ದು ನನಗೆ ಕಂಡಿತು.

"ಒಂದನೇದು, ಎರಡನೇದು ಯಾರಿಗ್ ಹೇಳಿದ್ದಿ?"

"ಯಾರಿಗೂ ಇಲ್ಲ."

"ಹಂಗಾರ ಒಂದನೇದರಿಂದ ನೀ ಸುರು ಮಾಡು," ಎಂದು ಅವಳು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.