ಓಡದೆ ತಂದ ಬೆಂಕಿ

ಆಗಿನ ಹೋಳಿ ಹುಣ್ಣಿಮೆಯಲ್ಲಿ ಬಣ್ಣಕ್ಕಿಂತ ಬೆಂಕಿಯದೇ ದೊಡ್ಡಸ್ತಿಕೆ. ಯುದ್ಧದ ವರ್ಷಗಳವು, ನಮ್ಮ ಬಿಜ್ಜರಗಿಯ ಅಂಗಡಿಯಲ್ಲಿ ಕಡ್ಡಿಪೆಟ್ಟಿಗೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಆದರೆ ಆ ದಿನ ಮಾತ್ರ ಕಡ್ಡಿ ಇದ್ದರೂ ಯಾರೂ ಗೀರುತ್ತಿರಲಿಲ್ಲ. ನಸುಕಿನಲ್ಲಿ ಊರಬಾಗಿಲ ಅಗಸಿಯ ಮುಂದೆ ಕಾಮನನ್ನು ಸುಟ್ಟ ಮೇಲೆ, ಆ ಬೆಂಕಿಯನ್ನೇ ಸಗಣಿಯ ಕುಳ್ಳಿಗೆ ಹಚ್ಚಿ ಮನೆಗೆ ತಂದು ಒಲೆ ಹೊತ್ತಿಸಬೇಕು, ಅದರ ಮೇಲೆಯೇ ಹೋಳಿಗೆ ಬೇಯಿಸಬೇಕು. ತರುವವರು ಮಕ್ಕಳು. ಮೊದಲು ಒಲೆ ಹೊತ್ತಿಸಿದ ಮನೆಯವರದು ಓಣಿಯಲ್ಲೆಲ್ಲ ಮೆರೆದಾಟ. ಹಾಗಾಗಿ ಮಕ್ಕಳು ಉರಿಯುವ ಕುಳ್ಳು ಹಿಡಿದು ಹುಚ್ಚರಂತೆ ಓಡುತ್ತಿದ್ದರು, ದೊಡ್ಡವರು ನಿಂತು ಕೇಕೆ ಹಾಕುತ್ತಿದ್ದರು. ಏನು ಬುದ್ಧಿಯೋ!

ಹಿಂದಿನ ವರ್ಷ ಹಾಗೆ ಓಡುವಾಗಲೇ ನನ್ನ ಅಕ್ಕ ಗಂಗಾಳ ಲಂಗಕ್ಕೆ ಕಿಡಿ ತಾಗಿ, ಎಡಗಾಲು ಮೊಣಕಾಲವರೆಗೆ ಸುಟ್ಟಿತ್ತು. ಮೂರು ತಿಂಗಳು ಹಾಸಿಗೆ ಹಿಡಿದಿದ್ದಳು. ಮತ್ತೆ ಹೋಳಿ ಹತ್ತಿರ ಬಂದಾಗ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟ: "ನಮ್ಮ ಮನಿ ಹುಡುಗ್ರು ಯಾರೂ ಬೆಂಕಿ ಮುಟ್ಟೂದಿಲ್ಲ."

ನನಗೆ ಒಂಬತ್ತು ವರ್ಷ. ಈ ಸಲ ನನ್ನದೇ ಪಾಳಿ ಎಂದು ಕಾದಿದ್ದವಳು ಗೊಳೋ ಎಂದು ಅತ್ತೆ. ನನ್ನ ಪರವಾಗಿ ಮಾತಾಡಿದವಳು ಸುಟ್ಟ ಕಾಲಿನ ಅಕ್ಕನೇ.

"ಯಪ್ಪಾ, ತಪ್ಪು ಬೆಂಕೀದಲ್ಲ. ನಾ ಓಡಿದ್ದು ತಪ್ಪು. ಪಾರಿ ನಡಕೋತ ತರ್ತಾಳ, ನಾ ಕಲಸ್ತೇನಿ."

ಅಪ್ಪ ಬಹಳ ಹೊತ್ತು ಅವಳ ಕಾಲನ್ನೇ ನೋಡಿದ. "ಆತು, ತರ್ಲಿ. ಆದ್ರ ಮೈಗೆ ಕಿಡಿ ಸಿಡಿದ್ರೂ ಮುಗೀತು, ಕೆಂಡ ಆರಿದ್ರೂ ಮುಗೀತು. ಇದ ಕಡೀದು."

ಎಂಟು ದಿನ ಅಕ್ಕನ ಸಾಲಿ ನಡೆಯಿತು. ಹಳೆಯ ಗಡಿಗೆಯ ತಳಕ್ಕೆ ಬೂದಿ, ಅದರ ಮೇಲೆ ಕುಳ್ಳು, ಬಾಯಿಗೆ ಮುಚ್ಚಲು ಒಂದು ಹೆಂಚು. ಲಂಗವನ್ನು ಕಚ್ಚೆಯಂತೆ ಬಿಗಿದು, ಜಡೆಯನ್ನು ಮೇಲಕ್ಕೆ ಕಟ್ಟಿ, ಬೆಂಕಿಯಿಲ್ಲದ ಗಡಿಗೆ ಹಿಡಿದು ನಾನು ಅಗಸಿಯಿಂದ ಮನೆಗೆ ನಡೆಯಬೇಕು. ಅಕ್ಕ ಕಟ್ಟೆಯ ಮೇಲೆ ಕೂತು ಕೂಗುತ್ತಿದ್ದಳು: "ಲೇ ಪಾರಿ, ಅವಸರ ಯಾಕ? ಮನಿಗೆ ಬೀಗರು ಬಂದಾರೇನು?"

ಹೋಳಿಯ ದಿನ ಅವ್ವ ಓಣಿಯ ತಿರುವಿನಲ್ಲಿ ಎರಡು ಕೊಡ ನೀರು ತುಂಬಿಟ್ಟಳು. ಹಲಗೆ ಬಾರಿಸುವ ಸದ್ದು, ಸುಟ್ಟ ಕಡಲೆಯ ವಾಸನೆ. ಅಪ್ಪ ತಾನೇ ಒಂದು ಹೊತ್ತಿದ ಕುಳ್ಳನ್ನು ನನ್ನ ಗಡಿಗೆಗೆ ಹಾಕಿ ಮನೆಗೆ ಹೋದ. ನಾನು ನಡೆದೆ. ಪಕ್ಕದ ಮನೆಯ ಮಲ್ಲ ಕಿಡಿ ಉದುರಿಸುತ್ತ, ನನ್ನ ನಿಧಾನಕ್ಕೆ ನಗುತ್ತ ನನ್ನನ್ನು ದಾಟಿ ಓಡಿದ. "ಆಮಿ ಬಂತು, ಆಮಿ!"

ಒಣಗಿದ ಜೋಳದ ಕಣಿಕೆಯ ಬಣವಿಯ ಹತ್ತಿರ ಬಂದಾಗ ಗಾಳಿ ಎದ್ದಿತು. ಗಡಿಗೆಯಿಂದ ಗೇಣುದ್ದ ಜ್ವಾಲೆ ಮೇಲಕ್ಕೆ ಬಂತು. ಕಾಲು ಓಡು ಎನ್ನುತ್ತಿತ್ತು. ಓಡಲಿಲ್ಲ, ಅಲ್ಲೇ ಕುಕ್ಕರಗಾಲಲ್ಲಿ ಕೂತು, ಹೆಂಚು ಮುಚ್ಚಿ, ಗಾಳಿ ತಗ್ಗಿದ ಮೇಲೆ ಎದ್ದೆ. ಆಮೇಲೆ ಹೊಗೆಯೂ ಬರಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಓಣಿಯ ಒಲೆಗಳೆಲ್ಲ ಹೊತ್ತಿದ್ದವು. ಅಕ್ಕ ಹೆಂಚು ಎತ್ತಿದಳು. ಬರೀ ಬೂದಿ. ನನ್ನ ಕಣ್ಣಲ್ಲಿ ನೀರು ತುಂಬಿತು.

"ತಡಿ" ಎಂದ ಅಕ್ಕ ಕಡ್ಡಿಯಿಂದ ಮೆಲ್ಲಗೆ ಕೆದಕಿದಳು. ಒಳಗೆ ಕೆಂಡ ಕೆಂಪಗೆ ಇತ್ತು.

ಅವ್ವ ಒಲೆ ಹೊತ್ತಿಸಿದಳು. ಅಪ್ಪ ನನ್ನ ಕೈ ಕಾಲು ತಿರುಗಿಸಿ ನೋಡಿ, "ಮುಂದಿನ ವರ್ಷನೂ ನೀನ ತರಬೇಕವಾ" ಎಂದ. ಸಂಜೆ ಮಲ್ಲನ ಅವ್ವ ಮಗನ ಸುಟ್ಟ ಅಂಗಿತೋಳು ಹಿಡಿದು ಬಂದಳು: "ಗಂಗವ್ವಾ, ನಮ್ಮ ಹುಡುಗಗೂ ಒಂದೀಟು ಕಲಸವಾ." ಮರುವರ್ಷ ನಮ್ಮ ಓಣಿಯಲ್ಲಿ ಆರು ಗಡಿಗೆಗಳು ನಡೆದವು. ಆಮೇಲೆ ಯಾವ ಮಗುವೂ ಸುಟ್ಟುಕೊಂಡದ್ದು ನನಗೆ ನೆನಪಿಲ್ಲ.

ಈಗ ವಿಜಾಪುರದ ಮನೆಯಲ್ಲಿ ಗುಂಡಿ ತಿರುವಿದರೆ ಒಲೆ ಉರಿಯುತ್ತದೆ. ಅಗಸಿಯ ಬೆಂಕಿ ಯಾರಿಗೂ ಬೇಡ, ಅಕ್ಕನೂ ಇಲ್ಲ. ಮಕ್ಕಳಿಗೆ "ಬ್ಯಾಡ" ಎಂದು ಗದರುವುದು ನನಗೂ ಸುಲಭವಾಗಿದೆ. ಎಂಟು ದಿನ ಕಟ್ಟೆಯ ಮೇಲೆ ಕೂತು ಕಲಿಸುವ ತಾಳ್ಮೆ ಎಲ್ಲಿ ಹೋಯಿತೋ.

ಆದರೂ ಮೊನ್ನೆ ದೀಪಾವಳಿಗೆ ಮೊಮ್ಮಗಳು ಸುರಸುರಬತ್ತಿ ಹಿಡಿದು ಬಂದಾಗ ಗದರಲಿಲ್ಲ. ಬಕೆಟ್ ತುಂಬ ನೀರಿಟ್ಟುಕೊಂಡು ಪಕ್ಕದಲ್ಲೇ ಕೂತೆ.

"ಅಜ್ಜಿ, ನಿನಗ ಅಂಜಿಕಿ ಆಗತದೇನು?"

"ಆಗತದವಾ. ಅದಕ್ಕ ಬಾಜೂಕ ಕೂತೇನಿ. ಹಚ್ಚು."